ಒಬ್ಬರೇ ಡಾಕ್ಟರು, ಒಂದೇ ಫೈಲು

ಸಿಕಂದರಾಬಾದಿನಿಂದ ಉಪ್ಪಲ್ ಕಡೆಗೆ ಹೊರಟರೆ ಮೆಟ್ಟುಗೂಡ ದಾಟಿದ ಮೇಲೆ ತಾರ್ನಾಕ. ಬೀದರ, ಕಲಬುರಗಿ ಕಡೆಯ ಹಳೆಯ ತಲೆಮಾರಿಗೆ ಈ ಹೆಸರು ಪಕ್ಕದಲ್ಲೇ ಇರುವ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಪರಿಚಿತ. ನಿಜಾಮರ ಆಳ್ವಿಕೆಯಲ್ಲಿ ಓದಿಗಾಗಿ ಹೈದರಾಬಾದಿನ ದಾರಿ ಹಿಡಿದ ಸೀಮೆಯ ಜನ ಇಂದಿಗೂ ಅದೇ ದಾರಿ ಹಿಡಿಯುತ್ತಾರೆ, ಬಹಳಷ್ಟು ಸಲ ವಯಸ್ಸಾದ ತಂದೆತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು. ಹೈದರಾಬಾದಿನ ವೈದ್ಯಕೀಯ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಗಾಜಿನ ಗೋಡೆಯ ದೊಡ್ಡ ಆಸ್ಪತ್ರೆಗಳು. ಮುಪ್ಪಿನ ಆರೈಕೆಯ ಬಗ್ಗೆ ಏನಾದರೂ ಕಲಿಯಬೇಕೆಂದರೆ ಆ ಕಟ್ಟಡಗಳಿಗಿಂತ ತಾರ್ನಾಕದ ಆರ್‌ಟಿಸಿ (ರಸ್ತೆ ಸಾರಿಗೆ ನಿಗಮ) ಆಸ್ಪತ್ರೆಯನ್ನೂ ಸಮೀಪದ ಲಾಲಾಗೂಡದ ರೈಲ್ವೆ ಕೇಂದ್ರ ಆಸ್ಪತ್ರೆಯನ್ನೂ ನೋಡುವುದು ಮೇಲು. ಹೊರನೋಟಕ್ಕೆ ಇವು ಸಾದಾ ಆಸ್ಪತ್ರೆಗಳೇ. ಆದರೆ ವಯಸ್ಸಾದವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಇವುಗಳ ರಚನೆಯಲ್ಲೇ ಇದೆ: ಎಂದಿನಿಂದಲೋ ತಮ್ಮನ್ನು ಬಲ್ಲ ಒಂದು ಬಾಗಿಲು.

ಇಲ್ಲಿನ ಸರ್ಕಾರಿ ಬಸ್ಸಿನ ಕಥೆ 1932ರಷ್ಟು ಹಳೆಯದು. ನಿಜಾಮ್ ಸ್ಟೇಟ್ ರೈಲ್ವೆಯ ಒಂದು ಅಂಗವಾಗಿ 27 ಬಸ್ಸು, 166 ನೌಕರರೊಂದಿಗೆ ಶುರುವಾದ ಸಾರಿಗೆ ಇಲಾಖೆ 1958ರಲ್ಲಿ ಆಂಧ್ರಪ್ರದೇಶದ ನಿಗಮವಾಯಿತು, ರಾಜ್ಯ ಒಡೆದ ಮೇಲೆ ತೆಲಂಗಾಣದ್ದಾಯಿತು. ಡ್ರೈವರು, ಕಂಡಕ್ಟರು, ಡಿಪೋ ಮೆಕ್ಯಾನಿಕ್ಕು ಮತ್ತು ಅವರ ಮನೆಯವರಿಗಾಗಿ ಇರುವುದು ತಾರ್ನಾಕದ ಆಸ್ಪತ್ರೆ. ಬಸ್ಸು ಓಡಿಸುವವರ ಕಣ್ಣು, ರಕ್ತದೊತ್ತಡ, ಸಕ್ಕರೆಯನ್ನು ನಿಯತವಾಗಿ ನೋಡಲೇಬೇಕು. ಪ್ರಯಾಣಿಕರ ಜೀವ ಅವರ ಕೈಯಲ್ಲಿದೆ. ಹೀಗಾಗಿ ಮೂವತ್ತರ ಹರೆಯದಲ್ಲೇ ಒಬ್ಬ ಡ್ರೈವರನ ಮೈಯ ಲೆಕ್ಕ ಇಲ್ಲಿ ಬರೆಯಲು ಶುರುವಾಗುತ್ತದೆ. ನಿವೃತ್ತರಿಗೂ ಪ್ರತ್ಯೇಕ ವೈದ್ಯಕೀಯ ಯೋಜನೆ ಇರುವುದರಿಂದ ಅರವತ್ತು ದಾಟಿ ಮಂಡಿನೋವು, ಏದುಸಿರು ಎಂದು ಬಂದವರು ಆ ಆಸ್ಪತ್ರೆಗೆ ಹೊಸಬರಾಗಿರುವುದಿಲ್ಲ. ಹುಬ್ಬಳ್ಳಿಯವರಾದ ವಿ.ಸಿ. ಸಜ್ಜನರ್ 2021ರಲ್ಲಿ ನಿಗಮದ ವ್ಯವಸ್ಥಾಪಕ ನಿರ್ದೇಶಕರಾದ ಮೇಲೆ ಆಸ್ಪತ್ರೆಯನ್ನು ಮೇಲ್ದರ್ಜೆಗೇರಿಸುವ ಕೆಲಸ ನಡೆಯಿತು, ತಾರ್ನಾಕದಲ್ಲಿ ನಿಗಮದ್ದೇ ನರ್ಸಿಂಗ್ ಕಾಲೇಜೂ ಬಂತು. ಲಾಲಾಗೂಡದ್ದೂ ಇದೇ ರೀತಿ. ನಿವೃತ್ತಿಯ ಹೊತ್ತಿಗೆ ಒಮ್ಮೆ ವಂತಿಗೆ ಕಟ್ಟಿದ ರೈಲ್ವೆ ನೌಕರರಿಗೂ ಅವರ ಬಾಳಸಂಗಾತಿಗೂ ಕೊನೆಯವರೆಗೆ ಚಿಕಿತ್ಸೆಯ ಹಕ್ಕಿದೆ. ಬೀದರ ನಿಲ್ದಾಣ ಸಿಕಂದರಾಬಾದ್ ವಿಭಾಗದ್ದಾದ್ದರಿಂದ, ಆ ಹಾದಿಯಲ್ಲಿ ದುಡಿದ ಕನ್ನಡಿಗರಿಗೂ ದೊಡ್ಡಾಸ್ಪತ್ರೆ ಎಂದರೆ ಇದೇ.

ಇದರಲ್ಲಿ ವಿಶೇಷವೇನು ಎಂದು ತಿಳಿಯಲು ಮುಪ್ಪಿನ ಕಾಯಿಲೆಯ ಸ್ವಭಾವ ನೋಡಬೇಕು. 2017–18ರಲ್ಲಿ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದ ‘ಲಾಸಿ’ ಎಂಬ ರಾಷ್ಟ್ರೀಯ ಅಧ್ಯಯನದ ಪ್ರಕಾರ, ಅರವತ್ತು ದಾಟಿದ ನಾಲ್ವರಲ್ಲಿ ಮೂವರಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಇದೆ. ಎಷ್ಟೋ ಜನರಿಗೆ ಎರಡು, ಮೂರು. ಹೃದಯಕ್ಕೊಬ್ಬ ತಜ್ಞ, ಸಕ್ಕರೆಗೊಬ್ಬ, ಮೂತ್ರದ ತೊಂದರೆಗೊಬ್ಬ. ಪ್ರತಿಯೊಬ್ಬರ ಚೀಟಿಯೂ ಅದರ ಮಟ್ಟಿಗೆ ಸರಿಯೇ. ಬಿಪಿ ಮಾತ್ರೆಯ ಜೊತೆ ಪ್ರಾಸ್ಟೇಟ್ ಮಾತ್ರೆ, ಅದರ ಮೇಲೊಂದು ನಿದ್ದೆ ಮಾತ್ರೆ ಸೇರಿದಾಗ ನಡುರಾತ್ರಿ ಬಚ್ಚಲಿಗೆಂದು ಎದ್ದ ಅಜ್ಜನಿಗೆ ತಲೆ ಸುತ್ತಿ, ಬಿದ್ದು ಸೊಂಟದ ಮೂಳೆ ಮುರಿಯಬಹುದು. ಮೂರು ಚೀಟಿಯನ್ನೂ ಒಟ್ಟಿಗೆ ಓದುವ ಒಬ್ಬರು ಇಲ್ಲದಿದ್ದರೆ ಬಿದ್ದದ್ದಕ್ಕೆ ವಯಸ್ಸೇ ಕಾರಣವೆಂದು ಬಗೆದು ಸುಮ್ಮನಾಗುತ್ತೇವೆ. ಇನ್ನೊಂದು ಮಾತು. ಹರೆಯದವರಿಗೆ ಸೋಂಕು ತಗುಲಿದರೆ ಜ್ವರ ಬರುತ್ತದೆ. ಎಂಬತ್ತರ ಮುದುಕಿಗೆ ಜ್ವರವೇ ಬಾರದೆ ಬರೀ ಗಲಿಬಿಲಿ ಕಾಣಿಸಬಹುದು, ಮಾತು ತಪ್ಪಬಹುದು. ಹೋದ ತಿಂಗಳು ಈಕೆ ಸರಿಯಾಗಿ ಲೆಕ್ಕ ಹೇಳುತ್ತಿದ್ದಳು ಎಂದು ಗೊತ್ತಿರುವವರಿಗೆ ಇದು ಹೊಸ ತೊಂದರೆ. ಗೊತ್ತಿಲ್ಲದವರಿಗೆ ಅರಳುಮರಳು.

ಜೆರಿಯಾಟ್ರಿಕ್ಸ್ ಎಂಬ ವೃದ್ಧ ವೈದ್ಯಕೀಯ ಈ ‘ಒಟ್ಟಿಗೆ ಓದುವ’ ವಿದ್ಯೆಯೇ. ಇಂಗ್ಲೆಂಡಿನಲ್ಲಿ 1930ರ ದಶಕದಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆ ಇದಕ್ಕೆ ತಳಪಾಯ ಹಾಕಿದರು. ನಮ್ಮಲ್ಲಿ ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿ.ಎಸ್. ನಟರಾಜನ್ 1978ರಲ್ಲಿ ಪ್ರತ್ಯೇಕ ವಿಭಾಗ ತೆರೆದರು, 1996ರಲ್ಲಿ ಅಲ್ಲಿಯೇ ಎಂ.ಡಿ. ಓದು ಆರಂಭವಾಯಿತು. ಇಷ್ಟು ವರ್ಷವಾದರೂ ಅಂಥ ತಜ್ಞರು ನಮ್ಮ ಬಹುಪಾಲು ಜಿಲ್ಲೆಗಳಿಗೆ ಅಪರೂಪ. ಹಾಗಿರುವಾಗ ರೋಗಿಯನ್ನು ಹತ್ತಾರು ವರ್ಷ ಬಲ್ಲ ಸಾಮಾನ್ಯ ವೈದ್ಯರು ಆ ಕೆಲಸದ ದೊಡ್ಡ ಪಾಲನ್ನು ಮಾಡಬಲ್ಲರು. ಇದು ಬರೀ ನಂಬಿಕೆಯ ಮಾತಲ್ಲ. ಒಂಬತ್ತು ದೇಶಗಳ 22 ಅಧ್ಯಯನಗಳನ್ನು 2018ರಲ್ಲಿ ಬ್ರಿಟಿಷ್ ಸಂಶೋಧಕರು ಒಟ್ಟುಗೂಡಿಸಿ ನೋಡಿದಾಗ, ಅವುಗಳಲ್ಲಿ 18 ಒಂದೇ ಮಾತು ಹೇಳಿದವು: ಅದೇ ವೈದ್ಯರ ಬಳಿ ಹೋಗುತ್ತಿದ್ದವರಲ್ಲಿ ಸಾವು ಕಡಿಮೆ. ಆಮೇಲೆ ಬಂದ ನಾರ್ವೆಯ ಅಧ್ಯಯನದಲ್ಲಿ, ಹದಿನೈದು ವರ್ಷಕ್ಕೂ ಮೇಲೆ ಒಬ್ಬರೇ ಕುಟುಂಬ ವೈದ್ಯರಿದ್ದವರಲ್ಲಿ, ಒಂದು ವರ್ಷದ ಪರಿಚಯವಷ್ಟೇ ಇದ್ದವರಿಗಿಂತ ಸಾವಿನ ಸಂಭವ ಸುಮಾರು ನಾಲ್ಕನೇ ಒಂದು ಪಾಲು ಕಡಿಮೆ ಕಂಡಿತು. ಆರೋಗ್ಯ ನೆಟ್ಟಗಿರುವವರೇ ವೈದ್ಯರನ್ನು ಬದಲಿಸುವುದಿಲ್ಲ, ಹಾಗಾಗಿ ಈ ಅಂಕಿ ಬಂದಿರಬಹುದು ಎಂದು ವಾದಿಸಲು ಸಾಧ್ಯ. ಆ ವಾದದಲ್ಲಿ ಹುರುಳಿದೆ, ಇಂಥ ಅಧ್ಯಯನಗಳು ಕಾರಣವನ್ನು ಖಚಿತವಾಗಿ ಸಾಬೀತು ಮಾಡಲಾರವು. ಆದರೆ ಅಷ್ಟು ಬೇರೆ ಬೇರೆ ದೇಶಗಳಲ್ಲಿ ಒಂದೇ ಫಲ ಕಂಡಿರುವಾಗ, ಅದು ಹೇಗೆ ನಡೆಯುತ್ತದೆಂಬುದೂ ಮೇಲಿನ ಮಾತ್ರೆಯ ಉದಾಹರಣೆಯಲ್ಲಿ ಕಣ್ಣಿಗೆ ಕಾಣುವಾಗ, ಅದನ್ನು ತಳ್ಳಿಹಾಕುವುದು ಕಷ್ಟ.

ಹಾಗೆಂದು ಈ ಆಸ್ಪತ್ರೆಗಳೇ ಆದರ್ಶ ಎನ್ನುತ್ತಿಲ್ಲ. ನೌಕರರ ಆಸ್ಪತ್ರೆ ಎಂದರೆ ಸಾಲು, ರೆಫರಲ್ ಪತ್ರ, ಡಾಕ್ಟರುಗಳ ವರ್ಗಾವಣೆ ಇದ್ದದ್ದೇ. ಡಾಕ್ಟರು ಬದಲಾದರೂ ಫೈಲು ಉಳಿಯುತ್ತದೆ, ಔಷಧಿ ಕೊಡುವ ಕಿಟಕಿ ಅದೇ ಇರುತ್ತದೆ ಎಂಬುದೇ ಅಲ್ಲಿನ ಬಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ನೌಕರಿ, ಪಿಂಚಣಿ ಇರುವ ಕೆಲವರ ಸವಲತ್ತನ್ನು ತೋರಿಸಿ ಕೂಲಿಯವರಿಗೆ, ತರಕಾರಿ ಮಾರುವವರಿಗೆ ಏನು ಹೇಳುತ್ತೀರಿ? ನಿಜ, ನಮ್ಮ ದೇಶದ ಬಹುಪಾಲು ಮುದುಕರು ಈ ಗೇಟಿನ ಹೊರಗೇ ಇದ್ದಾರೆ. ಅವರಿಗೆಂದು ಬಂದ ದೊಡ್ಡ ಯೋಜನೆಗಳ ಗಮನ ಮಾತ್ರ ಬೇರೆ ಕಡೆಗಿದೆ. 2024ರ ಅಕ್ಟೋಬರಿನಿಂದ ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯ ರಕ್ಷೆ ಇದೆ. ತೆಲಂಗಾಣದ ಆರೋಗ್ಯಶ್ರೀಯ ಮಿತಿ 2023ರ ಡಿಸೆಂಬರಿನಲ್ಲಿ 10 ಲಕ್ಷಕ್ಕೆ ಏರಿತು. ಸಾಲ ಮಾಡದೆ ಆಪರೇಷನ್ ಮಾಡಿಸಿಕೊಳ್ಳಲು ಇವು ನಿಜವಾದ ಆಸರೆ. ಆದರೆ ಈ ರಕ್ಷೆಯ ಬಹುಪಾಲು ಹಾಸಿಗೆ ಹಿಡಿದು ದಾಖಲಾದವರಿಗೆ. ಸೊಂಟ ಮುರಿದ ಮೇಲೆ ಹಣ ಸಿಗುತ್ತದೆ. ಮುರಿಯದಂತೆ ಮಾತ್ರೆಯ ಚೀಟಿ ನೋಡಿ ಎರಡನ್ನು ಹೊಡೆದುಹಾಕುವ ಹತ್ತು ನಿಮಿಷಕ್ಕೆ ಸಿಗುವುದಿಲ್ಲ. ಆ ಹತ್ತು ನಿಮಿಷಕ್ಕೆ ಹೈದರಾಬಾದಿನಲ್ಲಿ ಹತ್ತಿರದ ಜಾಗವೆಂದರೆ 2018ರಿಂದ ಬಡಾವಣೆಗಳಲ್ಲಿ ತೆರೆದ ಬಸ್ತಿ ದವಾಖಾನೆಗಳು. ಅಲ್ಲಿ ಔಷಧಿಗೂ ರಕ್ತಪರೀಕ್ಷೆಗೂ ಕಾಸಿಲ್ಲ. ಆರ್‌ಟಿಸಿ ಆಸ್ಪತ್ರೆಯ ಫೈಲಿನಂಥದ್ದು ಪ್ರತಿ ದವಾಖಾನೆಯಲ್ಲೂ ಆ ಬಸ್ತಿಯ ಪ್ರತಿ ಹಿರಿಯರ ಹೆಸರಿನಲ್ಲಿ ಇರಬೇಕು. ಸವಲತ್ತು ಕೆಲವರಿಗೆ ಮಾತ್ರ ಸಿಗುತ್ತಿದೆ ಎಂಬುದು ಅದನ್ನು ಮರೆಮಾಚಲು ಕಾರಣವಾಗದು, ಹಂಚಲು ಕಾರಣವಾಗಬೇಕು.

ಮನೆಯವರು ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ನೋಡಿಕೊಳ್ಳುವ ಮನಸ್ಸು ನಮ್ಮ ಮನೆಗಳಲ್ಲಿ ಬತ್ತಿದೆ ಎಂದು ನಾನು ಒಪ್ಪುವುದಿಲ್ಲ. ಆದರೆ ಪಾರ್ಶ್ವವಾಯು ಬಡಿದವರನ್ನು ಹೇಗೆ ಹೊರಳಿಸಬೇಕು, ಬೆನ್ನಿನ ಹುಣ್ಣನ್ನು ಹೇಗೆ ತಡೆಯಬೇಕು ಎಂಬುದನ್ನು ಪ್ರೀತಿ ತಾನಾಗಿ ಕಲಿಸದು, ಆ ದುಡಿಮೆ ಬಹುಮಟ್ಟಿಗೆ ಹೆಂಡತಿಯ, ಸೊಸೆಯ, ಮಗಳ ಹೆಗಲಿಗೇ ಬೀಳುತ್ತದೆ. ಉಸ್ಮಾನಿಯಾದಲ್ಲಿ ಓದಿದ ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಆ ಹೆಗಲೂ ಇಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಎಂದರೆ ಮಕ್ಕಳಿಂದ ಜೀವನಾಂಶ ಕೊಡಿಸುವುದು ಎಂದಷ್ಟೇ ಜನ ತಿಳಿದಿದ್ದಾರೆ; ಅದರ 20ನೇ ಕಲಮು ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸಾಲು, ಜಿಲ್ಲಾಸ್ಪತ್ರೆಯಲ್ಲಿ ವೃದ್ಧರ ಆರೈಕೆ ಬಲ್ಲ ವೈದ್ಯಾಧಿಕಾರಿ ಇರಬೇಕೆಂದು ಸರ್ಕಾರಕ್ಕೇ ಹೊಣೆ ಹೊರಿಸಿದೆ. ಕೇಳಲು ಯಾರೂ ಇಲ್ಲದವರಿಗೆ 14567 ಎಂಬ ಸಹಾಯವಾಣಿ ಇದೆ. ಇಂದು ದೇಶವ್ಯಾಪಿಯಾದ ಇದು 2017ರಲ್ಲಿ ಟಾಟಾ ಟ್ರಸ್ಟ್ಸ್ ಮತ್ತು ವಿಜಯವಾಹಿನಿ ಸಂಸ್ಥೆ ಸೇರಿ ಹೈದರಾಬಾದಿನ ಹಿರಿಯರಿಗಾಗಿಯೇ ಆರಂಭಿಸಿದ್ದು. ಪಿಂಚಣಿ, ಕಾನೂನು, ಆಸ್ಪತ್ರೆ ಯಾವುದನ್ನು ಕೇಳಿದರೂ ದಾರಿ ತೋರಿಸುತ್ತಾರೆ, ಒಂಟಿತನ ತಾಳಲಾರದೆ ಮಾಡಿದ ಕರೆಯನ್ನೂ ಆಲಿಸುತ್ತಾರೆ.

ಆಹಾರದ ಮಾತು ಬಿಡುವಂತಿಲ್ಲ, ಏಕೆಂದರೆ ಅದರ ದೊಡ್ಡ ಮನೆಯೇ ತಾರ್ನಾಕದಲ್ಲಿದೆ. ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಭಾರತೀಯರಿಗೆ 17 ಆಹಾರ ಸೂತ್ರಗಳನ್ನು ಕೊಟ್ಟಿತು. ಹಿರಿಯರಿಗೆ ಪೋಷಕಾಂಶ ತುಂಬಿದ ಆಹಾರ ಬೇಕೆಂಬುದು ಅವುಗಳಲ್ಲೊಂದು. ವಯಸ್ಸಾದವರಿಗೆ ಗಂಜಿ ಸಾಕು ಎಂಬ ನಮ್ಮ ರೂಢಿಗೆ ಇದು ನೇರ ವಿರುದ್ಧ. ಹಸಿವು ಇಳಿದಾಗಲೂ ಮೈಗೆ ಬೇಕಾದ ಬೇಳೆ, ಹಾಲು, ಸೊಪ್ಪಿನ ಅಗತ್ಯ ಇಳಿಯದು. ಆದರೆ ಅಜ್ಜಿಯ ತೂಕ ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದೆ ಎಂದು ತಿಳಿಯಲು ಆರು ತಿಂಗಳ ಹಿಂದಿನ ತೂಕ ಎಲ್ಲಿಯಾದರೂ ಬರೆದಿರಬೇಕಲ್ಲ? ಮತ್ತೆ ಫೈಲಿನ ಮಾತಿಗೇ ಬಂದೆವು.

ಬೀದರದಿಂದ ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಚೀಟಿ, ಎಕ್ಸ್‌ರೇ ಇರುತ್ತವೆ. ಊರಿಗೆ ಮರಳಿದ ಮೇಲೆ ಅವನ್ನು ಮತ್ತೊಮ್ಮೆ ಕ್ರಮವಾಗಿ ನೋಡುವವರಿರುವುದಿಲ್ಲ. 2021ರಿಂದ ಎಲ್ಲರಿಗೂ ಸಿಗುವ 14 ಅಂಕಿಯ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ ಆ ಚೀಟಿಗಳನ್ನು ಒಂದು ಕಡೆ ಇಡಬಲ್ಲದು, ಓದಲಾರದು. ಓದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಹಿರಿಯರಿಗೆಂದೇ ಮೀಸಲಾದ ಒಬ್ಬ ಡಾಕ್ಟರು, ತಿಂಗಳಿಗೊಮ್ಮೆ ಮನೆಗೆ ಬಂದು ತೂಕ ನೋಡಿ, ಮಾತ್ರೆ ಎಣಿಸಿ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸರಳು ಇದೆಯೇ ಎಂದು ಪರೀಕ್ಷಿಸುವ ಒಬ್ಬ ನರ್ಸು ಸಾಕು. ತಾರ್ನಾಕದ ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿಗಳನ್ನು ನಿವೃತ್ತ ಡ್ರೈವರು, ಕಂಡಕ್ಟರುಗಳ ಮನೆಗಳಿಗೆ ಕಳುಹಿಸಿ ಈ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.