ಮನುಷ್ಯನ ಸಹಜಾಹಾರ

ಮನುಷ್ಯನು ಸ್ವಭಾವತಃ ಮಾಂಸಾಹಾರಿಯೋ, ಅಥವಾ ಹಸಿಯ ಫಲಮೂಲಗಳನ್ನು ತಿಂದು ಬಾಳತಕ್ಕವನೋ ಎಂಬ ವಿವಾದವು ಬಹು ಹಳೆಯದು. ಒಂದು ಪಕ್ಷದವರು ನಮ್ಮ ಬಾಯಲ್ಲಿರುವ ಕೋರೆಹಲ್ಲನ್ನು ತೋರಿಸಿ, ನಾವು ಹುಲಿಯ ಪಂಕ್ತಿಗೆ ಸೇರಿದವರೆನ್ನುತ್ತಾರೆ. ಇನ್ನೊಂದು ಪಕ್ಷದವರು ದವಡೆಹಲ್ಲನ್ನೂ ಉದ್ದವಾದ ಕರುಳನ್ನೂ ತೋರಿಸಿ, ಬೇಯಿಸಿದ ಅನ್ನವೇ ಸಕಲ ರೋಗಗಳಿಗೂ ಮೂಲವೆನ್ನುತ್ತಾರೆ. ಉಭಯ ಪಕ್ಷಗಳಿಗೂ ಪ್ರಕೃತಿಯೇ ಸಾಕ್ಷಿ! ಇದು ಬರಿಯ ಜಗಲಿಯ ಹರಟೆಯಾಗಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಆದರೆ ಇಂತಹ ಮಾತುಗಳನ್ನು ನಂಬಿ ತಮ್ಮ ದೇಹವನ್ನೂ, ತಮ್ಮ ಎಳೆಯ ಮಕ್ಕಳ ದೇಹವನ್ನೂ ಪರೀಕ್ಷೆಗೆ ಒಡ್ಡುವ ವಿದ್ಯಾವಂತರು ಇದ್ದಾರೆ. ಆದುದರಿಂದ ಸಾಕ್ಷಿಯು ನಿಜವಾಗಿ ಏನು ಹೇಳುತ್ತದೆಂಬುದನ್ನು ಸಾವಧಾನವಾಗಿ ಕೇಳುವುದು ಯುಕ್ತ.

ಮೊದಲು ಮಾಂಸಪಕ್ಷವನ್ನು ನೋಡೋಣ. ಹುಲಿಯ ದವಡೆಹಲ್ಲುಗಳು ಕತ್ತರಿಯಂತೆ ಮಾಂಸವನ್ನು ಸೀಳುತ್ತವೆ, ನಮ್ಮವು ಅರೆಯುತ್ತವೆ. ನಮ್ಮ ಕೋರೆಹಲ್ಲಾದರೋ ನೆರೆಯ ಹಲ್ಲುಗಳಿಗಿಂತ ಹೆಚ್ಚು ಎತ್ತರವಿಲ್ಲ. ಬೆಕ್ಕು ನಾಯಿಗಳ ಶರೀರವು ‘ಸಿ’ ಜೀವಸತ್ತ್ವವನ್ನು ತಾನೇ ಉತ್ಪತ್ತಿ ಮಾಡಿಕೊಳ್ಳುತ್ತದೆ. ನಮಗೆ ಆ ಶಕ್ತಿಯಿಲ್ಲ. ಒಣಗಿದ ರೊಟ್ಟಿಯನ್ನೂ ಉಪ್ಪು ಹಾಕಿದ ಮಾಂಸವನ್ನೂ ತಿಂದು ತಿಂಗಳುಗಟ್ಟಲೆ ಸಮುದ್ರಯಾನ ಮಾಡುತ್ತಿದ್ದ ನಾವಿಕರು ಸ್ಕರ್ವಿ ರೋಗದಿಂದ ಸಾಯುತ್ತಿದ್ದುದೂ, ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನು ಅಂಥವರನ್ನು ಕಿತ್ತಳೆ ನಿಂಬೆಗಳಿಂದ ಗುಣಪಡಿಸಿದುದೂ ಪ್ರಸಿದ್ಧ ಸಂಗತಿ. ಉತ್ತರಧ್ರುವ ಪ್ರದೇಶಗಳಲ್ಲಿ ಸಂಚರಿಸಿದ ಸ್ಟೆಫಾನ್ಸನ್ ಎಂಬವರು ೧೯೨೮ರಲ್ಲಿ ನ್ಯೂಯಾರ್ಕಿನ ವೈದ್ಯರ ಮೇಲ್ವಿಚಾರಣೆಯಲ್ಲಿ ಒಂದು ವರ್ಷದ ಮಾಂಸಾಹಾರವನ್ನು ಕೈಗೊಂಡು ಬದುಕಿ ತೋರಿಸಿದರೆಂಬುದು ನಿಜ. ಆದರೆ ಕೊಬ್ಬಿಲ್ಲದ ಬರಿಯ ಮಾಂಸವನ್ನು ಕೊಟ್ಟ ಕೆಲವೇ ದಿನಗಳಲ್ಲಿ ಅವರು ಅಸ್ವಸ್ಥರಾದರೆಂಬುದೂ ಅಷ್ಟೇ ನಿಜ. ಮನುಷ್ಯನು ಹೀಗೂ ಬದುಕಬಲ್ಲನೆಂದಷ್ಟೇ ಇದರ ತಾತ್ಪರ್ಯ, ಹೀಗೆಯೇ ಬದುಕಬೇಕೆಂದಲ್ಲ.

ಇನ್ನು ಹಸಿಯ ಆಹಾರದವರ ಪಕ್ಷ. ಅವರು ಉದಾಹರಿಸುವ ವಾನರ ಬಂಧುವೂ ಪೂರ್ಣ ಶಾಕಾಹಾರಿಯಲ್ಲ. ಚಿಂಪಾಂಜಿಗಳು ಮಾಂಸವನ್ನು ತಿನ್ನುವುದನ್ನು ೧೯೬೦ರಲ್ಲಿ ಆಫ್ರಿಕದ ಗೊಂಬೆ ಅರಣ್ಯದಲ್ಲಿ ಜೇನ್ ಗುಡಾಲ್ ಅವರು ಕಣ್ಣಾರೆ ಕಂಡರು. ಅದಿರಲಿ, ಸೊಪ್ಪು ನಾರುಗಳನ್ನು ಹುಳಿಸಿ ಜೀರ್ಣಿಸಿಕೊಳ್ಳಲು ವಾನರಗಳಿಗೆ ವಿಶಾಲವಾದ ದೊಡ್ಡ ಕರುಳಿದೆ, ಹಸುವಿಗೆ ನಾಲ್ಕು ಕೋಣೆಗಳ ಹೊಟ್ಟೆಯಿದೆ, ನಮಗೆ ಇವೆರಡೂ ಇಲ್ಲ. ಸುವರ್ಣಗಡ್ಡೆಯನ್ನು ಹಸಿಯಾಗಿ ಕಚ್ಚಿದವನ ಗಂಟಲೇ ಈ ವಾದಕ್ಕೆ ಉತ್ತರ ಕೊಡುವುದು. ಜರ್ಮನಿಯ ಗೀಸೆನ್ ವಿಶ್ವವಿದ್ಯಾನಿಲಯದ ಪಂಡಿತರು ಬಹುಕಾಲ ಹಸಿಯ ಆಹಾರವನ್ನು ಅನುಸರಿಸಿದ ಐನೂರಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿ ೧೯೯೯ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ೪೫ ವರ್ಷದೊಳಗಿನ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು ೩೦ ಮಂದಿಗೆ ಋತುಸ್ರಾವವು ಕ್ರಮ ತಪ್ಪಿತ್ತು, ಇಲ್ಲವೆ ನಿಂತೇ ಹೋಗಿತ್ತು. ಸಂತಾನಕ್ಕೇ ಅಡ್ಡಿಯಾಗುವ ಆಹಾರವನ್ನು ಸಹಜವೆಂದು ಕರೆಯುವುದು ಹೇಗೆ? ಇದಲ್ಲದೆ, ೧೯೪೮ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದ ‘ಬಿ-೧೨’ ಜೀವಸತ್ತ್ವವು ಸಸ್ಯಾಹಾರದಿಂದ ಸಾಕಷ್ಟು ದೊರೆಯುವುದಿಲ್ಲ. ನಮ್ಮ ಶಾಕಾಹಾರಿ ಮನೆಗಳಿಗೆ ಅದನ್ನು ಒದಗಿಸುವುದು ಹಾಲು ಮೊಸರು. ಅವನ್ನೂ ಬಿಟ್ಟವರು ಅದನ್ನು ಔಷಧರೂಪದಲ್ಲಿಯಾದರೂ ಸೇವಿಸಲೇಬೇಕು. ಇಲ್ಲವಾದರೆ ರಕ್ತವೂ ನರಗಳೂ ಕೆಡುವುವು.

ಹಾಗಾದರೆ ಮನುಷ್ಯನ ಸಹಜಾಹಾರವೆಂಥದು? ಬೇಯಿಸಿದ ಆಹಾರವೆಂದೇ ನಮ್ಮ ಉತ್ತರ. ದಕ್ಷಿಣ ಆಫ್ರಿಕದ ವಂಡರ್‌ವೆರ್ಕ್ ಗುಹೆಯಲ್ಲಿ ಸುಮಾರು ೧೦ ಲಕ್ಷ ವರ್ಷಗಳಷ್ಟು ಹಳೆಯ ಬೆಂಕಿಯ ಬೂದಿ ದೊರೆತಿದೆ. ಒಲೆಯೇ ಮನುಷ್ಯನನ್ನು ಮನುಷ್ಯನನ್ನಾಗಿ ಮಾಡಿತೆಂದು ರಿಚರ್ಡ್ ರ್‍ಯಾಂಗಮ್ ಎಂಬ ವಿದ್ವಾಂಸರು ೨೦೦೯ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ. ಅಡಿಗೆಯು ಯಾವ ಕಾಲದಲ್ಲಿ ಆರಂಭವಾಯಿತೆಂಬ ವಿಷಯದಲ್ಲಿ ಪಂಡಿತರೊಳಗೆ ಭಿನ್ನಾಭಿಪ್ರಾಯವುಂಟು. ಆದರೆ ಬೆಂದ ಧಾನ್ಯ ಗಡ್ಡೆಗಳು ಅಧಿಕ ಶಕ್ತಿಯನ್ನು ಕೊಡುವುವೆಂಬುದರಲ್ಲಿ ಸಂದೇಹವಿಲ್ಲ. ಚಿಂಪಾಂಜಿಯು ದಿನಕ್ಕೆ ಐದಾರು ತಾಸು ಅಗಿಯುತ್ತದೆ. ನಾವು ಒಂದು ತಾಸಿನೊಳಗೆ ಊಟ ಮುಗಿಸಿ ನಮ್ಮ ಉದ್ಯೋಗಕ್ಕೆ ಹೊರಡುತ್ತೇವೆ. ನಮ್ಮ ಹೊಟ್ಟೆಯ ಅರ್ಧ ಕೆಲಸವನ್ನು ನಮ್ಮ ಮನೆಯ ಒಲೆಯೇ ಮಾಡಿಕೊಡುತ್ತದೆ.

ಇಲ್ಲಿಗೆ ಪ್ರಕೃತಿಯ ಸಾಕ್ಷ್ಯ ಮುಗಿಯಿತು. ಏನನ್ನು ತಿನ್ನಬಲ್ಲೆವೆಂಬುದನ್ನು ಅದು ಹೇಳಿತು; ಏನನ್ನು ತಿನ್ನಬೇಕೆಂಬ ತೀರ್ಪು ಅದರದಲ್ಲ. ಈ ಭೇದವನ್ನು ಮಹಾತ್ಮಾ ಗಾಂಧಿಯವರಿಗಿಂತ ಚೆನ್ನಾಗಿ ಕಂಡವರು ವಿರಳ. ಅವರು ೧೯೨೯ರಲ್ಲಿ ಬೇಯಿಸದ ಆಹಾರದ ಪ್ರಯೋಗವನ್ನು ತಮ್ಮ ಮೇಲೆಯೇ ನಡೆಯಿಸಿ, ಆರೋಗ್ಯವು ಕೆಡಲು ಕೈಬಿಟ್ಟರು. ಸೋಲನ್ನು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ೧೯೩೧ರ ನವೆಂಬರಿನಲ್ಲಿ ಲಂಡನ್ನಿನ ಶಾಕಾಹಾರಿಗಳ ಸಭೆಯಲ್ಲಿ ಮಾತನಾಡುತ್ತಾ, ಆರೋಗ್ಯವನ್ನೇ ಆಧಾರವಾಗಿ ಹಿಡಿದವರ ಶಾಕಾಹಾರವು ನಿಲ್ಲಲಾರದು, ಅದಕ್ಕೆ ಧರ್ಮದ ಬುನಾದಿ ಬೇಕು ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿದರು. ಜೀವದಯೆಯಿಂದ ಮಾಂಸವನ್ನು ಬಿಟ್ಟವನಿಗೆ ಕೋರೆಹಲ್ಲು ಅಡ್ಡಿಯಲ್ಲ. ಅವನಿಗೆ ಕರುಳಿನ ಸಾಕ್ಷಿಯೂ ಬೇಕಿಲ್ಲ.

ಆದುದರಿಂದ ನಮ್ಮ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ದಯೆಗಾಗಿ ಬಿಡುವವರು ದಯೆಯ ಹೆಸರಿನಲ್ಲಿಯೇ ಬಿಡಲಿ, ತಿನ್ನುವವರು ಹುಲಿಯ ನೆಂಟಸ್ತಿಕೆಯನ್ನು ಹೇಳಿಕೊಳ್ಳದೆ ತಿನ್ನಲಿ. ನೆರೆಯವನ ತಟ್ಟೆಯನ್ನು ನೋಡಿ ಅವನನ್ನು ಪ್ರಕೃತಿದ್ರೋಹಿಯೆಂದು ಜರೆಯುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ತಟ್ಟೆಯನ್ನಂತೂ ಯಾವ ಸಿದ್ಧಾಂತದ ಪರೀಕ್ಷಾಶಾಲೆಯನ್ನಾಗಿಯೂ ಮಾಡದಿರೋಣ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಗಾದೆಯಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ.