ಕಾಡಿನ ಗೇಟು ಮುಚ್ಚುವ ಮೊದಲು ಒಂದು ಗ್ಯಾಸ್ಕೆಟ್

ಸುಲ್ತಾನ್ ಬತ್ತೇರಿ ದಾಟಿ ಮುತ್ತಂಗದ ಕಡೆ ಹೊರಟರೆ ನಡುವೆ ಸಿಗುವ ಊರು ಕಲ್ಲೂರು. ವಯನಾಡು ಜಿಲ್ಲೆ, ನೂಲ್ಪುಳ ಪಂಚಾಯಿತಿ. ಕೋಳಿಕ್ಕೋಡಿನಿಂದ ಮೈಸೂರಿನ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಇದೇ ಊರಿನ ಮೂಲಕ ಹಾಯುತ್ತದೆ. ಕೇರಳದ ಪತ್ರಿಕೆ ಓದುವವರಿಗೆ ಈ ಹೆಸರು ಗೊತ್ತಿರುವುದು 'ಕಲ್ಲೂರು ಕೊಂಬನ್' ಎಂಬ ಕಾಡಾನೆಯಿಂದ. 2016ರಲ್ಲಿ ಅದನ್ನು ಹಿಡಿದು ಮುತ್ತಂಗದ ಆನೆ ಶಿಬಿರಕ್ಕೆ ಸೇರಿಸಿದರು. ವಾರಾಂತ್ಯಕ್ಕೆ ವಯನಾಡು ಸುತ್ತಿ ಮೈಸೂರು, ಬೆಂಗಳೂರಿಗೆ ಮರಳುವ ಕಾರಿನವರು ಮಾತ್ರ ಈ ಊರನ್ನು ಬೇರೊಂದು ಕಾರಣಕ್ಕೆ ನೆನಪಿಟ್ಟುಕೊಳ್ಳಬೇಕು. ಕಾಡು ಹೊಗುವ ಮುನ್ನ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ ನೋಡಲು ಸಿಗುವ ಕೊನೆಯ ಊರುಗಳಲ್ಲಿ ಇದೂ ಒಂದು.

ಮುಂದೆ ಮುತ್ತಂಗ, ಅದರಾಚೆ ಮೂಲೆಹೊಳೆ, ಬಂಡೀಪುರದ ಹುಲಿ ಕಾಡು, ಮದ್ದೂರು ಚೆಕ್‌ಪೋಸ್ಟ್, ಆಮೇಲೆ ಗುಂಡ್ಲುಪೇಟೆ. 2009ರಿಂದ ಬಂಡೀಪುರದ ಈ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಗಲಲ್ಲೂ ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಇಂಥ ದಾರಿಯ ಬಾಯಲ್ಲಿ ನಿಂತಾಗ ಎಂಜಿನ್ನಿನಿಂದ 'ಟಿಕ್ ಟಿಕ್' ಎಂದೋ, ಆಕ್ಸಿಲರೇಟರ್ ಒತ್ತಿದರೆ 'ಸುಯ್' ಎಂದೋ ಸದ್ದು ಬರುತ್ತಿದ್ದರೆ ಏನು ಮಾಡಬೇಕು? ಸದ್ದಿನ ಮೂಲ ಟರ್ಬೋದ, ಎಂದರೆ ಎಂಜಿನ್ನಿನ ಹೊಗೆಯಿಂದಲೇ ತಿರುಗಿ ಒಳಕ್ಕೆ ಗಾಳಿ ಒತ್ತುವ ಯಂತ್ರದ, ಗ್ಯಾಸ್ಕೆಟ್ ಆಗಿದ್ದರೆ ಅದರ ಬದಲಿಗೆ ಯಾವುದನ್ನು ತರಿಸಬೇಕು? ಮೈಸೂರಿಗೂ ಕೋಳಿಕ್ಕೋಡಿಗೂ ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ತಪ್ಪು ಪಾರ್ಟು ತರಿಸಿದರೆ ಒಂದು ದಿನ ಹೋಯಿತು ಎಂದೇ ಲೆಕ್ಕ.

ಹತ್ತು ವರ್ಷದ ಹಿಂದೆ ಈ ಪ್ರಶ್ನೆ ಕೇಳುವವರು ಕಡಿಮೆ ಇದ್ದರು. ಆಗ ಟರ್ಬೋ ಎಂದರೆ ಡೀಸೆಲ್ ಗಾಡಿ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಟರ್ಬೋಗೆ ಪೇಟೆಂಟ್ ಪಡೆದಿದ್ದ. ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಮತ್ತು ಷೆವ್ರೋಲೆ ಕಂಪನಿಗಳು 1962ರಲ್ಲೇ ಟರ್ಬೋ ಇರುವ ಪೆಟ್ರೋಲ್ ಕಾರು ಮಾರಿದವು. ನಮ್ಮಲ್ಲಿ ಅದು ಮಾಮೂಲಿ ಗಾಡಿಗೆ ಇಳಿದದ್ದು ತೆರಿಗೆ ಮತ್ತು ಹೊಗೆ ನಿಯಮಗಳ ದೆಸೆಯಿಂದ. ನಾಲ್ಕು ಮೀಟರ್ ಮೀರದ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಸಣ್ಣ ಡೀಸೆಲ್ ಎಂಜಿನ್ ಮಾಡುವುದು ದುಬಾರಿಯಾಗಿ ಮಾರುತಿಯಂಥ ಕಂಪನಿಯೇ ಡೀಸೆಲ್ ಬಿಟ್ಟಿತು. ಉಳಿದ ದಾರಿ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಟರ್ಬೋ ಕೂರಿಸುವುದು. ನೆಕ್ಸಾನ್, ವೆನ್ಯೂ, ಸೋನೆಟ್, ಮ್ಯಾಗ್ನೈಟ್, ಎಕ್ಸ್‌ಯುವಿ 300, ಫ್ರಾಂಕ್ಸ್ ಎಲ್ಲ ಹಾಗೆ ಬಂದವು, ಕೆಲವು ಬಿಎಸ್ 6ಕ್ಕೆ ಮೊದಲೇ. ಇವುಗಳಲ್ಲಿ ಮೊದಮೊದಲು ಬಂದವಕ್ಕೆ ಈಗ ವಾರಂಟಿ ಮುಗಿದಿದೆ. ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ರಸ್ತೆ ಬದಿಯ ಗ್ಯಾರೇಜಿಗೆ ಬರುವ ವಯಸ್ಸು.

ಗ್ಯಾಸ್ಕೆಟ್ ಮಾಡುವ ಕೆಲಸ ಕುಕ್ಕರಿನ ರಬ್ಬರು ಮಾಡುವುದೇ: ಎರಡು ಲೋಹದ ನಡುವೆ ಕೂತು ಒಳಗಿನದನ್ನು ಹೊರಬಿಡದಿರುವುದು. ವ್ಯತ್ಯಾಸವಿರುವುದು ಕಾವಿನಲ್ಲಿ. ಡೀಸೆಲ್ ಎಂಜಿನ್ನಿನ ಹೊಗೆ ಟರ್ಬೈನಿಗೆ ಬಂದು ಬಡಿಯುವಾಗ ಹೆಚ್ಚೆಂದರೆ 800 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತದೆ. ಪೆಟ್ರೋಲಿನದು 950 ದಾಟುತ್ತದೆ, ಕೆಲವು ಎಂಜಿನ್ನುಗಳಲ್ಲಿ 1050ರವರೆಗೂ ಹೋಗುತ್ತದೆ. ಅಡಿವಾರದಿಂದ ಲಕ್ಕಿಡಿಯವರೆಗೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ತುಂಬಿದ ಗಾಡಿಯಲ್ಲಿ ಎರಡನೇ ಗೇರಿನಲ್ಲಿ ಹತ್ತಿಸಿದರೆ ಟರ್ಬೈನಿನ ಎರಕದ ಮನೆ ಕೆಂಪಗೆ ಕಾಯುತ್ತದೆ. ಮೇಲೆ ಬಂದು ವ್ಯೂ ಪಾಯಿಂಟಿನಲ್ಲಿ ಎಂಜಿನ್ ಆರಿಸಿದರೆ ತಣಿಯುತ್ತದೆ. ಕಾದಾಗ ಹಿಗ್ಗು, ತಣಿದಾಗ ಕುಗ್ಗು. ಈ ಹಿಗ್ಗು ಕುಗ್ಗಿನ ಪ್ರತಿ ಸುತ್ತಿನಲ್ಲೂ ಜೋಡಣೆಯ ಚಪ್ಪಟೆ ಮುಖವಾದ ಫ್ಲಾಂಜ್ ಎಳ್ಳಷ್ಟು ಜರುಗುತ್ತದೆ, ಸ್ಟಡ್ ಎಳೆಯುತ್ತದೆ, ನಟ್ಟು ಸಡಿಲುತ್ತದೆ. ಗ್ಯಾಸ್ಕೆಟ್ ಸೋರುವುದು ಹೆಚ್ಚಾಗಿ ಹೀಗೆ.

ಪೆಟ್ರೋಲ್ ಟರ್ಬೋಗೆ ಬರುವ ಒಳ್ಳೆಯ ಗ್ಯಾಸ್ಕೆಟ್ ಅದಕ್ಕಾಗಿಯೇ ತೆಳುವಾದ ಸ್ಟೇನ್‌ಲೆಸ್ ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ್ದು. ತೂತಿನ ಸುತ್ತ ಉಬ್ಬಿದ ಏಣು ಇರುತ್ತದೆ. ನಟ್ಟು ಬಿಗಿದಾಗ ಏಣು ಅಮುಕಿಕೊಂಡು ಸ್ಪ್ರಿಂಗಿನಂತೆ ಎರಡೂ ಕಡೆ ಒತ್ತಿ ಹಿಡಿಯುತ್ತದೆ. ಅತಿ ಕಾವಿನ ಜಾಗಕ್ಕೆ ಇನ್‌ಕೊನೆಲ್ ಎಂಬ ನಿಕ್ಕಲ್ ಮಿಶ್ರಲೋಹವನ್ನೂ ಬಳಸುತ್ತಾರೆ. ಒಮ್ಮೆ ಅಮುಕಿದ ಏಣು ಮತ್ತೆ ಮೊದಲಿನಂತೆ ಏಳುವುದಿಲ್ಲ. 'ಹಳೇದೇ ಚೆನ್ನಾಗಿದೆ ಸಾರ್, ತೊಳೆದು ಹಾಕಿಬಿಡೋಣ' ಎಂಬ ಮಾತಿಗೆ ತಲೆಯಾಡಿಸಬಾರದು ಎನ್ನುವುದು ಇದಕ್ಕೇ.

ಆದರೆ ಯಾವ ಗ್ಯಾಸ್ಕೆಟ್? ಅಂಗಡಿಯವರಿಗೆ ಫೋನ್ ಮಾಡಿ 'ಟಾಟಾ 1.2 ಟರ್ಬೋ ಪೆಟ್ರೋಲ್, ರೆವೊಟ್ರಾನ್' ಎನ್ನುವುದು ಎಡವಟ್ಟಿಗೆ ನೇರ ದಾರಿ. 2014ರ ಜೆಸ್ಟ್‌ನಲ್ಲಿದ್ದ ರೆವೊಟ್ರಾನ್ 1.2 ನಾಲ್ಕು ಸಿಲಿಂಡರಿನದು. 2017ರ ನೆಕ್ಸಾನ್‌ನಲ್ಲಿ ಬಂದ ರೆವೊಟ್ರಾನ್ 1.2 ಮೂರು ಸಿಲಿಂಡರಿನದು. ಹೆಸರು ಒಂದೇ, ಎಂಜಿನ್ ಬೇರೆಯೇ. ಮಹೀಂದ್ರಾ ಎಕ್ಸ್‌ಯುವಿ 300ರ 1.2 ಟರ್ಬೋ ಪೆಟ್ರೋಲಿನಲ್ಲೂ ಎರಡು ಬಗೆ: 2019ರಲ್ಲಿ ಬಂದ 110 ಅಶ್ವಶಕ್ತಿಯದು ಒಂದು, 2022ರಲ್ಲಿ ಬಂದ, ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ 130 ಅಶ್ವಶಕ್ತಿಯದು ಇನ್ನೊಂದು. ಫೋಕ್ಸ್‌ವ್ಯಾಗನ್ ಪೋಲೋದ ಟಿಎಸ್‌ಐ ಎಂದರೆ 2013ರ ನಾಲ್ಕು ಸಿಲಿಂಡರಿನ 1.2ವೂ ಹೌದು, 2020ರ ಮೂರು ಸಿಲಿಂಡರಿನ 1.0ವೂ ಹೌದು. ಮಾರುತಿಯ ಬೂಸ್ಟರ್‌ಜೆಟ್ 2017ರ ಬಲೆನೊ ಆರ್‌ಎಸ್‌ನಲ್ಲಿ ಬಿಎಸ್ 4 ಆಗಿತ್ತು, 2023ರ ಫ್ರಾಂಕ್ಸ್‌ನಲ್ಲಿ ಬಿಎಸ್ 6 ಆಗಿ ಮರಳಿತು. ಹೊಗೆ ನಿಯಮ ಬದಲಾದಾಗ ಟರ್ಬೋದ ಹೊರಬಾಯಿಗೆ ಅಂಟಿಕೊಂಡಿರುವ ಕ್ಯಾಟಲಿಟಿಕ್ ಕನ್ವರ್ಟರಿನ ಜೋಡಣೆಯೂ ಬದಲಾಗಬಹುದು. ಡಿಕ್ಕಿಯ ಮೇಲಿನ ಬ್ಯಾಡ್ಜ್ ಗ್ಯಾಸ್ಕೆಟ್ ಆರಿಸಲು ಏನೇನೂ ಸಾಲದು.

ಬೇಕಾದದ್ದು ನಂಬರ್. ಹದಿನೇಳು ಅಕ್ಷರ–ಅಂಕಿಗಳ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಆರ್‌ಸಿಯಲ್ಲೇ ಇವೆ. ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ಚಾಸಿ ನಂಬರ್ ಹಾಕಿದರೆ ನಿಮ್ಮದೇ ಗಾಡಿಯ ಚಿತ್ರ ತೆರೆದು, ಯಾವ ಜಾಗಕ್ಕೆ ಯಾವ ಪಾರ್ಟ್ ನಂಬರ್ ಎಂದು ತೋರಿಸುತ್ತದೆ. ಹಳೆಯ ನಂಬರಿನ ಬದಲು ಹೊಸ ನಂಬರ್ ಬಂದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಎರಡನೆಯದು ಟರ್ಬೋದ ಮೇಲೇ ಇರುವ ಪುಟ್ಟ ತಗಡಿನ ಪಟ್ಟಿ. ಗ್ಯಾರೆಟ್, ಬೋರ್ಗ್‌ವಾರ್ನರ್, ಮಿತ್ಸುಬಿಷಿ, ಐಎಚ್‌ಐ ಹೀಗೆ ತಯಾರಕರ ಹೆಸರೂ ಅವರ ನಂಬರೂ ಅದರಲ್ಲಿರುತ್ತವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಈ ಪಟ್ಟಿಯನ್ನು ನೋಡಲೇಬೇಕು. ಹಿಂದಿನ ಮಾಲೀಕ ಗುಜರಿಯಿಂದ ಬೇರೆ ಟರ್ಬೋ ತಂದು ಕೂರಿಸಿದ್ದರೆ ಚಾಸಿ ನಂಬರ್ ಹೇಳುವುದು ಒಂದು, ಬಾನೆಟ್ಟಿನ ಕೆಳಗಿರುವುದು ಇನ್ನೊಂದು. ನನ್ನ ಮತದಲ್ಲಿ ಎರಡೂ ತಾಳೆಯಾಗದೆ ಹಣ ಕಳಿಸಬಾರದು. ಮಲಯಾಳ ಬಾರದ ಮಾಲೀಕ, ಕನ್ನಡ ಬಾರದ ಮೇಸ್ತ್ರಿ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಾತ, ಈ ಮೂವರ ನಡುವೆ ಎಲ್ಲರಿಗೂ ಒಂದೇ ಅರ್ಥ ಕೊಡುವುದು ವಾಟ್ಸ್ಯಾಪಿನಲ್ಲಿ ಹೋದ ಆ ಪಟ್ಟಿಯ ಫೋಟೋ.

'ಟರ್ಬೋ ಗ್ಯಾಸ್ಕೆಟ್' ಎನ್ನುವುದು ಒಂದೇ ವಸ್ತುವೂ ಅಲ್ಲ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿಗೂ ಟರ್ಬೋಗೂ ನಡುವೆ ಒಂದು, ಟರ್ಬೋದ ಹೊರಬಾಯಿಗೂ ಕನ್ವರ್ಟರಿಗೂ ನಡುವೆ ಒಂದು, ಆಯಿಲ್ ಬರುವ ಪೈಪಿನ ಬೋಲ್ಟಿಗೆ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ವಾಷರುಗಳು, ಆಯಿಲ್ ಇಳಿಯುವ ಪೈಪಿಗೆ ಪುಟ್ಟ ಗ್ಯಾಸ್ಕೆಟ್, ಕೂಲೆಂಟ್ ಪೈಪಿಗೆ ಮತ್ತೆ ವಾಷರು, ಗಾಳಿಯ ಕಡೆಗೆ ಓ ರಿಂಗ್. ಕೆಲವು ಎಂಜಿನ್ನುಗಳಲ್ಲಿ ಇವುಗಳಲ್ಲಿ ಒಂದೆರಡು ಇರುವುದೇ ಇಲ್ಲ. ಫೋಕ್ಸ್‌ವ್ಯಾಗನ್ 1.0 ಟಿಎಸ್‌ಐಯಲ್ಲಿ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಅಡಗಿದೆ, ಟರ್ಬೋ ನೇರ ಹೆಡ್ಡಿಗೇ ಕೂರುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಮ್ಯಾನಿಫೋಲ್ಡೂ ಟರ್ಬೈನಿನ ಮನೆಯೂ ಒಂದೇ ಎರಕ. ಸೋರುತ್ತಿರುವುದು ಒಂದೇ ಜಾಗವಾದರೂ ಟರ್ಬೋ ಇಳಿಸಬೇಕಾದರೆ ಎಲ್ಲ ಪೈಪುಗಳನ್ನೂ ಬಿಚ್ಚಲೇಬೇಕು. ಹಾಗಾಗಿ ಒಂಟಿ ಗ್ಯಾಸ್ಕೆಟ್ ಬಿಟ್ಟು ಪೂರ್ತಿ ಸೆಟ್ ತರಿಸುವುದು ಲೇಸು. ಜೊತೆಗೆ ಹೊಸ ಸ್ಟಡ್ಡು, ನಟ್ಟು. ಸೆಟ್ಟಿನ ಬೆಲೆ ಟರ್ಬೋದ ಬೆಲೆಯ ಮುಂದೆ ಚಿಲ್ಲರೆ.

ಪಾರ್ಟು ಕೈಗೆ ಬಂದ ಮೇಲೂ ಕಣ್ಣಿಗೆ ಕೆಲಸವಿದೆ. ಹಳೆಯದರ ಮೇಲೆ ಹೊಸದನ್ನಿಟ್ಟು ಬೆಳಕಿಗೆ ಹಿಡಿಯಬೇಕು. ಬೋಲ್ಟಿನ ತೂತುಗಳು ಹೊಂದಿದರೆ ಸಾಲದು, ನಡುವಿನ ಬಾಯಿ ಕೂಡ ಹೊಂದಬೇಕು. ಬಾಯಿ ಕಿರಿದಾದರೆ ಗ್ಯಾಸ್ಕೆಟ್ಟಿನ ಅಂಚು ಹೊಗೆಯ ದಾರಿಗೆ ಚಾಚಿಕೊಂಡು ಸುಡುತ್ತದೆ, ಉದುರಿದ ತುಣುಕು ನೇರ ಟರ್ಬೈನಿನ ಎಲೆಗಳಿಗೆ ಬಡಿಯುತ್ತದೆ. ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ತಿರ ತಿರುಗುವ ಚಕ್ರಕ್ಕೆ ಅಷ್ಟು ಸಾಕು. ದಪ್ಪ ಒಂದೇ ಇದೆಯೇ, ಏಣು ಯಾವ ಕಡೆಗಿದೆ, ಅಂಚಿನ ಕಿವಿ ಯಾವ ದಿಕ್ಕಿಗೆ ನೋಡುತ್ತಿತ್ತು, ಇವನ್ನೆಲ್ಲ ಬಿಚ್ಚುವಾಗಲೇ ಫೋಟೋ ಹಿಡಿದಿಟ್ಟುಕೊಂಡಿದ್ದರೆ ಜಗಳವಿಲ್ಲ. ಟಾಲ್‌ಬ್ರೋಸ್‌ನಂಥ ಹಳೆಯ ಗ್ಯಾಸ್ಕೆಟ್ ಕಂಪನಿಗಳ ಮಾಲು ನಿಮ್ಮ ನಂಬರಿಗೆ ಸಿಕ್ಕರೆ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಒರಿಜಿನಲ್ ಡಬ್ಬಿಯೇ ಬೇಕೆಂಬ ಹಟ ನನಗಿಲ್ಲ. ಡಬ್ಬಿಯ ಮೇಲೆ ಪಾರ್ಟ್ ನಂಬರೇ ಇಲ್ಲದೆ 'ಎಲ್ಲ ಟರ್ಬೋಗೂ ಆಗುತ್ತೆ' ಎಂದು ಕೊಡುವುದನ್ನು ಮಾತ್ರ ಮುಟ್ಟುವುದು ಬೇಡ.

ಹಾಳೆ ಕತ್ತರಿಸಿ ಮಾಡಿಕೊಡುವ ವಿದ್ಯೆಯೊಂದಿದೆ. ಪ್ಯಾಕಿಂಗ್ ಹಾಳೆಯನ್ನು ಫ್ಲಾಂಜಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಚ್ಚು ತೆಗೆದು ಕತ್ತರಿಸುವ ಮೇಸ್ತ್ರಿಗಳ ಕೈಚಳಕ ನೋಡಲು ಚೆಂದ. ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿನ ನೀರಿನ ಪಂಪಿಗೆ ಅದು ಎಷ್ಟೋ ಜನರ ದಿನ ಉಳಿಸಿದೆ. ಪೆಟ್ರೋಲ್ ಟರ್ಬೋದ ಬಿಸಿ ಬಾಯಿಗೆ ಅದು ಆಗದು. ಗ್ರ್ಯಾಫೈಟ್ ಹಾಳೆ ಗಾಳಿ ತಾಗುವಲ್ಲಿ 500 ಡಿಗ್ರಿ ಸುಮಾರಿಗೇ ಸವೆಯಲು ಶುರುವಾಗುತ್ತದೆ. ಹಳೆಯ ಕಲ್ನಾರಿನ ಹಾಳೆ ತಕ್ಕಮಟ್ಟಿಗೆ ಕಾವು ತಡೆದರೂ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಇನ್ನು ಟ್ಯೂಬಿನ ಸಿಲಿಕಾನ್ ಅಂಟು: ಬಿಸಿ ಕಡೆ ಅದು ಸುಟ್ಟು ಬೂದಿ, ಆಯಿಲ್ ಕಡೆ ಅದಕ್ಕಿಂತ ಕೆಟ್ಟದ್ದು. ಬಿಗಿದಾಗ ಒಳಕ್ಕೆ ಹಿಂಡಿಕೊಂಡ ಅಂಟಿನ ಎಳೆ ಕಿತ್ತುಬಂದು ಆಯಿಲ್ ಬರುವ ಸಣ್ಣ ತೂತಿಗೆ ಸಿಕ್ಕಿದರೆ ಬೇರಿಂಗು ಒಣಗುತ್ತದೆ. ಇಳಿಯುವ ಪೈಪಿನಲ್ಲಿ ಸಿಕ್ಕಿದರೆ, ಅಲ್ಲಿ ಆಯಿಲ್ ಇಳಿಯುವುದು ಬರೀ ತನ್ನ ಭಾರಕ್ಕೆ ಆದ್ದರಿಂದ, ಹಿಂದೆ ನಿಂತು ಸೀಲಿನಾಚೆ ನುಗ್ಗಿ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಟರ್ಬೋ ಹೋಯಿತೆಂದು ಹೊಸದು ಹಾಕಿಸಿದವರಲ್ಲಿ ಎಷ್ಟು ಜನರ ಪೈಪಿನಲ್ಲಿ ಬರೀ ಅಂಟು ಸಿಕ್ಕಿತ್ತೋ! ಹಳೆಯ ವಿದ್ಯೆಗಳಲ್ಲಿ ಒಂದನ್ನು ಮಾತ್ರ ನಾನು ಒಪ್ಪುತ್ತೇನೆ. ಹೊಸ ತಾಮ್ರದ ವಾಷರು ಸಿಗದಿದ್ದಾಗ ಹಳೆಯದನ್ನು ಕೆಂಪಗೆ ಕಾಯಿಸಿ ತಣಿಸಿದರೆ ತಾಮ್ರ ಮತ್ತೆ ಮೆದುವಾಗುತ್ತದೆ, ಊರು ಸೇರುವವರೆಗೆ ನಂಬಬಹುದು. ಅಲ್ಯೂಮಿನಿಯಮ್ ವಾಷರಿನ ಮೇಲೆ ಈ ಪ್ರಯೋಗ ಬೇಡ.

ಸರಿಯಾದ ಗ್ಯಾಸ್ಕೆಟ್ ಹಾಕಿಯೂ ಸೋರಿದರೆ ತಪ್ಪು ಹೆಚ್ಚಾಗಿ ಫ್ಲಾಂಜಿನದು. ಸ್ಟೀಲ್ ಸ್ಕೇಲ್ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿದರೆ ಬಾಗಿರುವುದು ತಿಳಿಯುತ್ತದೆ. ಬಾಗಿದ್ದರೆ ಲೇತ್‌ನವರ ಬಳಿ ಸಮ ಮಾಡಿಸಬೇಕು, ಗ್ಯಾಸ್ಕೆಟ್ ಎರಡು ಹಾಕುವುದಲ್ಲ. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಒಂದು ಮೂಲೆಯಿಂದ ಎದುರು ಮೂಲೆಗೆ, ಒಂದೇ ಸಲಕ್ಕಲ್ಲದೆ ಹಂತ ಹಂತವಾಗಿ, ಎಂಜಿನ್ ಪೂರ್ತಿ ತಣಿದ ಮೇಲೆ. ಸ್ಟಾರ್ಟ್ ಮಾಡಿದ ಮೊದಲ ಸಲ ಮಸಿ ಒರೆಸಿದ ಜಾಗದಿಂದ ಸ್ವಲ್ಪ ಹೊಗೆ ಬರುವುದು ಸಹಜ. ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ. ಸಣ್ಣ ಸೋರಿಕೆ ಕಾದಾಗ ಲೋಹ ಹಿಗ್ಗಿ ಮುಚ್ಚಿಕೊಳ್ಳುತ್ತದೆ, ತಣ್ಣಗಿರುವಾಗಲೇ ಬಾಯಿ ಬಿಡುವುದು.

ಇಷ್ಟೆಲ್ಲ ಕಲ್ಲೂರಿನಲ್ಲಿ ಸಂಜೆ ಐದಕ್ಕೆ ನಿಂತವರಿಗೆ ಎಷ್ಟರ ಮಟ್ಟಿಗೆ ಉಪಯೋಗ? ಮೊದಲು ಸೋರುತ್ತಿರುವುದು ಹೊಗೆಯೋ ಆಯಿಲ್ಲೋ ನೋಡಿಕೊಳ್ಳಬೇಕು. ಬರೀ ಟಿಕ್ ಟಿಕ್ ಸದ್ದು, ಜೋಡಣೆಯ ಬಳಿ ಕಪ್ಪು ಮಸಿ, ಪಿಕಪ್ ತುಸು ಕಡಿಮೆ, ಇಷ್ಟೇ ಇದ್ದು ಒಳಗೆ ಹೊಗೆಯ ವಾಸನೆ ಇಲ್ಲದಿದ್ದರೆ ಕಿಟಕಿ ಇಳಿಸಿ, ಎಸಿ ಆರಿಸಿ, ಮೆಲ್ಲಗೆ ಕಾಡು ದಾಟಿ ಗುಂಡ್ಲುಪೇಟೆ ಸೇರಬಹುದು. ಎಂಜಿನ್ ಲೈಟ್ ಹತ್ತಿಕೊಂಡಿದ್ದರೆ ಆಶ್ಚರ್ಯವಿಲ್ಲ, ಸೋರುವ ಜಾಗದಲ್ಲಿ ಒಳಸೇರುವ ಗಾಳಿ ಆಕ್ಸಿಜನ್ ಸೆನ್ಸರಿಗೆ ಸುಳ್ಳು ಲೆಕ್ಕ ಕೊಡುತ್ತದೆ. ವಾಸನೆ ಒಳಗೆ ಬರುತ್ತಿದ್ದರೆ, ತಲೆ ಭಾರವಾಗುತ್ತಿದ್ದರೆ ಮುಂದಕ್ಕೆ ಹೋಗುವ ಮಾತೇ ಇಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೂಗಿಗೆ ಬಡಿಯುವ ಹೊಗೆಯ ಬೆನ್ನಲ್ಲೇ ಅದೂ ಬಂದಿರುತ್ತದೆ.

ಆಯಿಲ್ ಸೋರುತ್ತಿದ್ದರೂ ಅಷ್ಟೇ. ಕೆಂಪಗೆ ಕಾದ ಟರ್ಬೈನಿನ ಮೇಲೆ ಆಯಿಲ್ ತೊಟ್ಟಿಕ್ಕಿದರೆ ಬೆಂಕಿ ಹತ್ತಲು ಬೇರೆ ಕಿಡಿ ಬೇಡ. ಆನೆ ಅಡ್ಡಾಡುವ, ಗಾಡಿ ನಿಲ್ಲಿಸುವಂತಿಲ್ಲದ ದಾರಿಯಲ್ಲಿ ಆ ಪ್ರಯೋಗ ಮಾಡುವವರಿಗೆ ನಮಸ್ಕಾರ. ಬತ್ತೇರಿಗೆ ಹಿಂದಿರುಗಿ ಒಂದು ರಾತ್ರಿ ಉಳಿದು ಪಾರ್ಟು ತರಿಸುವುದು, ಇಲ್ಲವೇ ಟೋಯಿಂಗ್ ಗಾಡಿಗೆ ಹತ್ತಿಸುವುದು. ಟೋಯಿಂಗ್ ಗಾಡಿಯೂ ರಾತ್ರಿ ಒಂಬತ್ತರ ನಂತರ ಬಂಡೀಪುರ ದಾಟುವಂತಿಲ್ಲ. ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರಿನ ಮೇಲೆ ಸುತ್ತಿ ಮೈಸೂರು ಸೇರಬೇಕು. ಬಾಡಿಗೆ ಮಾತಾಡುವಾಗ ಯಾವ ದಾರಿ ಎನ್ನುವುದನ್ನೂ ಮೊದಲೇ ಹೇಳಿಬಿಡಿ.