ಬ್ರೌಸರಿನೊಳಗೆ ಭಾರಿ ತಂತ್ರಾಂಶ: ವೆಬ್‌ಅಸೆಂಬ್ಲಿಯ ಲಾಭ ಮತ್ತು ಮಿತಿ

ಬಿಡಿಭಾಗ ತಯಾರಿಸುವ ಸಣ್ಣ ಕೈಗಾರಿಕೆಗೆ ಗ್ರಾಹಕ ಸಂಸ್ಥೆಯಿಂದ ಆಟೋಕ್ಯಾಡ್ ನಕ್ಷೆಯೊಂದು ಬಂದರೆ, ಅದನ್ನು ತಿದ್ದಲು ಆ ತಂತ್ರಾಂಶವನ್ನು ಅಳವಡಿಸಿದ ಗಣಕಯಂತ್ರವೇ ಬೇಕೆಂಬುದು ಬಹುಕಾಲದ ರೂಢಿಯಾಗಿತ್ತು. 2018ರಲ್ಲಿ ಆಟೋಡೆಸ್ಕ್ ಸಂಸ್ಥೆಯು ಆಟೋಕ್ಯಾಡನ್ನು ಬ್ರೌಸರಿನೊಳಗೇ ನಡೆಯುವಂತೆ ಮಾಡಿತು. 1982ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ತಂತ್ರಾಂಶವನ್ನು ಪೂರ್ತಿ ಹೊಸದಾಗಿ ಬರೆಯದೆ, ದಶಕಗಳಿಂದ ಬೆಳೆದುಬಂದ ಬರಹವನ್ನೇ ಬಳಸಿಕೊಳ್ಳಲಾಯಿತು. ಇದನ್ನು ಸಾಧ್ಯವಾಗಿಸಿದ್ದು ‘ವೆಬ್‌ಅಸೆಂಬ್ಲಿ’.

ಹಿನ್ನೆಲೆ

ಹಿಂದೆ ಬ್ರೌಸರಿನಲ್ಲಿ ಭಾರಿ ಕೆಲಸಗಳಿಗೆ ಜಾವಾ ಆಪ್ಲೆಟ್, ಆಕ್ಟಿವ್‌ಎಕ್ಸ್, ಫ್ಲ್ಯಾಶ್ ಮೊದಲಾದವುಗಳನ್ನು ಪ್ರತ್ಯೇಕವಾಗಿ ಜೋಡಿಸಬೇಕಾಗಿತ್ತು. ವಿವರಪಟ್ಟಿ ಸಲ್ಲಿಸುವ ಕೊನೆಯ ದಿನ ಡಿಜಿಟಲ್ ಸಹಿಗಾಗಿ ಜಾವಾ ಆವೃತ್ತಿ ಹೊಂದಿಸಲು ಪರದಾಡಿದ ವರ್ತಕರಿಗೆ ಈ ತೊಡಕು ಹೊಸದಲ್ಲ. ಭದ್ರತೆಯ ಲೋಪಗಳೂ ಸೇರಿ ಅವೆಲ್ಲ ಹಿಂದೆ ಸರಿದವು. ಫ್ಲ್ಯಾಶ್‌ನ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. 2015ರಲ್ಲಿ ಪ್ರಕಟವಾದ ವೆಬ್‌ಅಸೆಂಬ್ಲಿಯನ್ನು 2017ರ ಅಂತ್ಯದೊಳಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ನಾಲ್ಕೂ ಅಳವಡಿಸಿಕೊಂಡವು. 2019ರ ಡಿಸೆಂಬರ್ 5ರಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಅದನ್ನು ಅಧಿಕೃತ ಮಾನಕವಾಗಿ ಅಂಗೀಕರಿಸಿತು.

ಕಾರ್ಯವಿಧಾನ

ಸಿ, ಸಿ++, ರಸ್ಟ್ ಭಾಷೆಗಳ ಬರಹವನ್ನು ಯಾವ ಯಂತ್ರಕ್ಕೂ ಒಗ್ಗುವ ಅಡಕವಾದ ಮಧ್ಯಂತರ ರೂಪಕ್ಕೆ ಪರಿವರ್ತಿಸಲಾಗುತ್ತದೆ. ಕಾರ್ಖಾನೆಯ ದ್ವಾರದಲ್ಲಿ ಒಳಬರುವ ಸರಕನ್ನು ತಪಾಸಣೆ ಮಾಡುವಂತೆ ಬ್ರೌಸರು ಅದನ್ನು ಮೊದಲು ಪರಿಶೀಲಿಸಿ, ಅನಂತರ ಆಯಾ ಯಂತ್ರದ ಭಾಷೆಗೆ ತಿರುಗಿಸಿ ವೇಗವಾಗಿ ನಡೆಸುತ್ತದೆ. ತನಗೆ ಮೀಸಲಾದ ಸ್ಮೃತಿಯ ಆವರಣವನ್ನು ದಾಟಲು, ಬ್ರೌಸರಿನ ಅನುಮತಿಯಿಲ್ಲದೆ ಕಡತಗಳನ್ನು ಮುಟ್ಟಲು ಅದಕ್ಕೆ ಅವಕಾಶವಿಲ್ಲ. ಇದೇ ಕಾರಣದಿಂದ ಡಿಜಿಟಲ್ ಸಹಿಯ ಟೋಕನ್ನನ್ನು ಅದು ನೇರವಾಗಿ ತಲುಪಲಾರದು.

ಉದ್ಯಮಿಗಳು ಗಮನಿಸಬೇಕಾದದ್ದು

ಈ ಆವರಣವು ಗಣಕಯಂತ್ರವನ್ನು ಕಾಪಾಡುತ್ತದೆಯೇ ಹೊರತು, ಬಳಕೆದಾರನೇ ಒಪ್ಪಿಸಿದ ದತ್ತಾಂಶವನ್ನಲ್ಲ. ನಕ್ಷೆ ಅಥವಾ ಲೆಕ್ಕಪತ್ರ ಯಾವ ಸರ್ವರಿನಲ್ಲಿ ಉಳಿಯುತ್ತದೆಂಬುದನ್ನು ಮೊದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು. ಕಂಪನಿಗಳಾದರೆ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕೆಂಬ ನಿಯಮ 2022ರ ತಿದ್ದುಪಡಿಯಿಂದ ಜಾರಿಯಲ್ಲಿದೆ.

ಇಂತಹ ತಂತ್ರಾಂಶಗಳು ಹೆಚ್ಚಾಗಿ ಮಾರಾಟಕ್ಕಲ್ಲ, ವಾರ್ಷಿಕ ಚಂದಾ ಮೇಲೆ ದೊರೆಯುತ್ತವೆ. ಒಮ್ಮೆ ಹೂಡುವ ಬಂಡವಾಳ ಉಳಿದಂತೆ ಕಂಡರೂ ವೆಚ್ಚ ವರ್ಷವರ್ಷವೂ ಮರುಕಳಿಸುತ್ತದೆ. ಚಂದಾ ನಿಂತರೆ ಬಳಕೆಯೂ ನಿಲ್ಲಬಹುದು. ಆದ್ದರಿಂದ ಐದು ವರ್ಷದ ಒಟ್ಟು ವೆಚ್ಚವನ್ನು ಹೋಲಿಸಿ, ಕಡತಗಳನ್ನು ಹಿಂಪಡೆಯುವ ಹಕ್ಕನ್ನು ಕರಾರಿನಲ್ಲಿ ಸೇರಿಸಿಕೊಂಡು ಮುಂದುವರಿಯುವುದು ಜಾಣತನ.